ಎರಡು ದಿನದಲ್ಲಿ ಕೆಳದಿ, ಇಕ್ಕೇರಿ, ನಗರ: ವಯಸ್ಸಾದ ಅಪ್ಪಯ್ಯನನ್ನು ಕರೆದುಕೊಂಡು ಹೋಗಲು ಸಲಹೆ ಬೇಕು

ಪ್ರಶ್ನೆ: ತುಂಗಾನಾಲೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪಯ್ಯನಿಗೆ ಈಗ 76 ವರ್ಷ. ಅವರು ಹುಟ್ಟಿ ಬೆಳೆದದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಒತ್ತಿದಾಗ ಮನೆ, ಗದ್ದೆ, ತೋಟ ಎಲ್ಲವೂ ಮುಳುಗಿ, ಮನೆಮಂದಿ ಶಿವಮೊಗ್ಗದ ಕಡೆಗೆ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು. ಹುಡುಗರಾಗಿದ್ದಾಗ ಅವರು ಅಜ್ಜನ ಜೊತೆ ನಗರಕ್ಕೆ ನಡೆದು ಹೋಗುತ್ತಿದ್ದರಂತೆ. ಕೋಟೆಯೊಳಗಿನ ಕೊಳದ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದುದನ್ನು ಇವತ್ತಿಗೂ ಹೇಳುತ್ತಾರೆ. ಅಲ್ಲಿಂದ ಬಂದ ಮೇಲೆ ಒಮ್ಮೆಯೂ ತಿರುಗಿ ಹೋಗಿಲ್ಲ.

ಈಚೆಗೆ ಎಂಟನೇ ತರಗತಿಯಲ್ಲಿ ಓದುವ ನನ್ನ ಮಗಳು ಶಾಲೆಯವರೊಂದಿಗೆ ಹಂಪಿಗೆ ಹೋಗಿ ಬಂದಳು. ಬಂದವಳು ಅಜ್ಜನನ್ನು ಕೇಳಿದ ಮೊದಲ ಮಾತು, ನಮ್ಮ ಕಡೆ ಅಂಥ ಊರು ಯಾಕೆ ಇರಲಿಲ್ಲ ಎಂದು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿನ ಹೆಸರೇ ನಗರ ಅಂತ ಇದೆಯಲ್ಲ ಮಗಾ, ಸುಮ್ಮನೆ ಇಟ್ಟಿರ್ತಾರಾ?" ಎಂದರು. ಅಂದಿನಿಂದ ಇಬ್ಬರೂ ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ.

ನನ್ನ ಅಳುಕು ಇಷ್ಟೇ. ಕಳೆದ ವರ್ಷ ಒಂದು ಪ್ರವಾಸ ಸಂಸ್ಥೆಯ ವಾಹನದಲ್ಲಿ ಒಂದೇ ದಿನಕ್ಕೆ ಏಳು ಸ್ಥಳ ಎಂದು ಹೊರಟು, ಪ್ರತಿ ಕಡೆಯೂ ಇಪ್ಪತ್ತು ನಿಮಿಷ ಇಳಿದು ಹತ್ತಿ, ಸಂಜೆಯ ಹೊತ್ತಿಗೆ ಯಾವ ಗುಡಿ ಎಲ್ಲಿತ್ತು ಎಂಬುದೂ ನೆನಪಿಲ್ಲದಂತೆ ಮನೆಗೆ ಬಂದೆವು. ಅಪ್ಪಯ್ಯನಿಗೆ ಮೊಣಕಾಲು ನೋವಿದೆ. ಕೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ, ಕಡಿದಾದ ಮೆಟ್ಟಿಲು ಕಷ್ಟ. ನಮ್ಮದೇ ಕಾರು ಇದೆ, ಎರಡು ದಿನ ಇದೆ. ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ, ಬಳ್ಳಿಗಾವಿ ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಮಗಳಿಗೆ ಅದೊಂದು ರಾಜಧಾನಿಯಾಗಿತ್ತು ಎಂದು ತೋರುವ ಹಾಗೆ ನೋಡುವುದು ಹೇಗೆ? ಯಾವ ತಿಂಗಳು ಒಳ್ಳೆಯದು? ಆ ಕಡೆಯವರು ದಯವಿಟ್ಟು ತಿಳಿಸಿ.

ಉತ್ತರ 1: ಗಣಪತಿಕೆರೆ (ಸಾಗರ)

ನಾನು ಸಾಗರದಲ್ಲಿ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು, ಮಕ್ಕಳನ್ನು ಈ ಊರುಗಳಿಗೆ ಹಲವು ಸಲ ಕರೆದುಕೊಂಡು ಹೋದವನು. ನಿಮ್ಮ ಪಟ್ಟಿಯಿಂದ ಕವಲೇದುರ್ಗವನ್ನು ಈಗಲೇ ತೆಗೆದುಬಿಡಿ. ಅದು ಅದ್ಭುತವಾದ ಕೋಟೆ, ಆದರೆ ಗದ್ದೆಯ ಬದುವಿನಿಂದ ಹಿಡಿದು ಮೇಲಿನವರೆಗೆ ಕಲ್ಲುಹಾಸಿನ ಏರುದಾರಿ. ಮೊಣಕಾಲು ನೋವಿರುವವರನ್ನು ಅಲ್ಲಿ ನಡೆಸಬಾರದು. ಬಳ್ಳಿಗಾವಿ ಬೇರೆ ದಿಕ್ಕು, ಬೇರೆ ಕಾಲ. ಉಳಿದ ಮೂರು ಊರುಗಳನ್ನು, ಕೆಳದಿಯ ನಾಯಕ ಅರಸರು ತಮ್ಮ ರಾಜಧಾನಿಯನ್ನು ಬದಲಿಸಿದ ಅದೇ ಅನುಕ್ರಮದಲ್ಲಿ ನೋಡಿ: ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಮರುದಿನ ನಗರ. ಹೀಗೆ ನೋಡಿದರೆ ಮಗುವಿಗೆ ಪ್ರತ್ಯೇಕವಾಗಿ ಪಾಠ ಹೇಳುವ ಅಗತ್ಯವೇ ಬೀಳುವುದಿಲ್ಲ, ಒಂದು ಸಣ್ಣ ಪಾಳೆಯಪಟ್ಟು ದೊಡ್ಡ ರಾಜ್ಯವಾದ ಬಗೆ ಕಣ್ಣೆದುರಿಗೇ ಬೆಳೆಯುತ್ತಾ ಹೋಗುತ್ತದೆ.

ಶಿವಮೊಗ್ಗದಿಂದ ಸಾಗರ ಸುಮಾರು 70 ಕಿ.ಮೀ. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲಿ ಆನಂದಪುರದ ಬಳಿ ಚಂಪಕ ಸರಸಿಯಲ್ಲಿ ಅರ್ಧ ಗಂಟೆ ನಿಲ್ಲಬಹುದು. ಕೊಳದ ನಡುವೆ ಪುಟ್ಟ ಗುಡಿ ಇದೆ, ವೆಂಕಟಪ್ಪ ನಾಯಕನೂ ಚಂಪಕಾ ಎಂಬ ಹೆಣ್ಣೂ ಇರುವ ಕಥೆಯನ್ನು ಊರವರು ಹೇಳುತ್ತಾರೆ. ಕೆಳದಿ ಸಾಗರದಿಂದ ಆರೇಳು ಕಿ.ಮೀ. ಅಷ್ಟೇ. 1500ರ ಹೊತ್ತಿಗೆ ಚೌಡಪ್ಪ ನಾಯಕನು ವಿಜಯನಗರದ ಅಧೀನನಾಗಿ ಆಳಲು ಆರಂಭಿಸಿದ್ದು ಇಲ್ಲಿಂದ. ಹಸು ಹುತ್ತದ ಮೇಲೆ ಹಾಲು ಸುರಿಸಿ, ಅಗೆದು ನೋಡಿದಾಗ ಲಿಂಗ ಸಿಕ್ಕಿತು ಎಂಬುದು ರಾಮೇಶ್ವರನ ಗುಡಿಯ ಸ್ಥಳಕಥೆ. ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ, ನೆಲ ಸಮತಟ್ಟು, ನಿಮ್ಮ ತಂದೆಯವರಿಗೆ ಯಾವ ತೊಂದರೆಯೂ ಆಗದು. ವೀರಭದ್ರನ ಗುಡಿಯಲ್ಲಿ ತಲೆಯೆತ್ತಿ ಮಾಳಿಗೆ ನೋಡಲು ಮರೆಯಬೇಡಿ, ಅಲ್ಲಿ ಗಂಡಭೇರುಂಡವಿದೆ. ಊರಿನ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಕೆಳದಿ ಗುಂಡಾ ಜೋಯಿಸರು ಊರೂರು ತಿರುಗಿ ಕೂಡಿಸಿದ ತಾಡೋಲೆಗಳು, ಕಡತಗಳು, ನಾಣ್ಯಗಳು, ಆಯುಧಗಳು ಅಲ್ಲಿವೆ; ತಿಗಳಾರಿ ಲಿಪಿಯ ಓಲೆಯನ್ನು ಮಗಳಿಗೆ ತೋರಿಸಿ, ಇದೇ ನೆಲದಲ್ಲಿ ಬಳಕೆಯಲ್ಲಿದ್ದ ಬರಹವನ್ನು ಇಂದು ನಾವು ಓದಲಾರೆವು ಎಂಬುದು ಅವಳಿಗೆ ತಟ್ಟಬೇಕು.

ಮಧ್ಯಾಹ್ನ ಇಕ್ಕೇರಿ. ಹಂಪಿಗೂ ನಮ್ಮ ಊರುಗಳಿಗೂ ಇರುವ ವ್ಯತ್ಯಾಸ ತಿಳಿಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಬಂದದ್ದು ಇದೇ ಊರಿಗೆ. ಗೋವೆಯಲ್ಲಿದ್ದ ಪೋರ್ಚುಗೀಸರಿಗೆ ನಮ್ಮ ಘಟ್ಟದ ಮೆಣಸು ಬೇಕಾಗಿತ್ತು. ಒಂದರೊಳಗೊಂದು ಮೂರು ಸುತ್ತಿನ ಆವರಣವಿದ್ದ ದೊಡ್ಡ ಪಟ್ಟಣ ಅದು. ಇವತ್ತು ಅಲ್ಲಿ ಅಘೋರೇಶ್ವರ ದೇವಾಲಯ ಒಂದೇ ನಿಂತಿದೆ, ಸುತ್ತ ಹಸಿರು. ಉಳಿದದ್ದು ಎಲ್ಲಿ ಹೋಯಿತು ಎಂದು ಪ್ರತಿ ವರ್ಷವೂ ಒಬ್ಬ ಹುಡುಗನೋ ಹುಡುಗಿಯೋ ಕೇಳುತ್ತಿದ್ದರು. ಅರಮನೆ ಮಣ್ಣು ಮತ್ತು ಮರದ್ದು. ಜನರ ಮನೆಗಳೂ ಹಾಗೆಯೇ. ದೇವರಿಗೆ ಮಾತ್ರ ಕಣಶಿಲೆ. ಹಂಪಿಯ ಒಣ ಬಿಸಿಲಿನಲ್ಲಿ ಬಂಡೆಯ ಗೋಡೆ ಐನೂರು ವರ್ಷ ನಿಲ್ಲುತ್ತದೆ; ನಮ್ಮ ಆರಿದ್ರಾ, ಪುನರ್ವಸು ಮಳೆಗೆ ಮಾಡು ತೆಗೆದ ಮಣ್ಣಿನ ಗೋಡೆ ನಾಲ್ಕು ವರ್ಷವೂ ನಿಲ್ಲದು.

ಇಕ್ಕೇರಿಗೆ ಕೈಯಲ್ಲೊಂದು ಟಾರ್ಚ್ ಹಿಡಿದುಕೊಂಡು ಹೋಗಿ. ಗರ್ಭಗುಡಿಯ ಬಹುಭಾಗವನ್ನು ತುಂಬಿಕೊಂಡ ಭಾರೀ ಪೀಠವಿದೆ, ಅದರ ಸುತ್ತ ಕುಳಿತ ಭಂಗಿಯ 32 ಸ್ತ್ರೀಮೂರ್ತಿಗಳಿವೆ. ಅದರ ಮೇಲಿದ್ದ ಮೂಲ ವಿಗ್ರಹ ಈಗಿಲ್ಲ. ಪೀಠದ ಅಳತೆ ನೋಡಿಯೇ ಅದರ ಗಾತ್ರವನ್ನು ಊಹಿಸಿಕೊಳ್ಳಬೇಕು. ಆಮೇಲೆ ಮಂಟಪದ ನೆಲವನ್ನು ನೋಡಿ. ದೇವರಿಗೆ ನಮಸ್ಕರಿಸುತ್ತಿರುವ ಮೂವರು ಕೆಳದಿ ಅರಸರ ಆಕೃತಿಗಳನ್ನು ಹೆಸರಿನ ಸಮೇತ ನೆಲಗಲ್ಲಿನಲ್ಲಿ ಕೊರೆದಿದ್ದಾರೆ. ಬಂದವರೆಲ್ಲ ಮೇಲೆ ನೋಡುತ್ತಾ ಅವರನ್ನು ತುಳಿದುಕೊಂಡೇ ಹೋಗುತ್ತಾರೆ. ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದು ಬೆಳಕನ್ನು ಅಡ್ಡ ಬಿಟ್ಟರೆ ಗೆರೆಗಳು ಎದ್ದು ಕಾಣುತ್ತವೆ. ಕಾಲಡಿಯಲ್ಲಿ ಸಿಗುವಂತೆ ತಮ್ಮನ್ನು ತಾವೇ ಕೆತ್ತಿಸಿಕೊಂಡ ಅರಸರು ಇವರು. ಆ ಕಾಲದ ಭಕ್ತಿಯ ಬಗ್ಗೆ ನಾನು ತರಗತಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚನ್ನು ಆ ಗೆರೆಗಳು ಹೇಳುತ್ತವೆ.

ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ನಂತರ, 1639ರ ಸುಮಾರಿಗೆ ವೀರಭದ್ರ ನಾಯಕನು ರಾಜಧಾನಿಯನ್ನು ಬಿದನೂರಿಗೆ, ಎಂದರೆ ಈಗಿನ ನಗರಕ್ಕೆ ಸಾಗಿಸಿದನು. ಸಾಗರದಲ್ಲಿ ರಾತ್ರಿ ಉಳಿದು, ಮರುದಿನ ಹೊಸನಗರದ ದಾರಿಯಲ್ಲಿ ಅಲ್ಲಿಗೆ ಹೋಗಿ. ಬಯಲಿನ ಊರಿನಿಂದ ಕಾಡು ಗುಡ್ಡಗಳ ನಡುವಿನ ಊರಿಗೆ ಯಾಕೆ ಹೋದರು ಎಂಬುದು ಕಾರಿನ ಕಿಟಕಿಯಿಂದಲೇ ಗೊತ್ತಾಗುತ್ತದೆ.

ಉತ್ತರ 2: ಭೇರುಂಡಕಂಬ (ಶಿರಾಳಕೊಪ್ಪ)

ಮೇಲಿನ ಹಿರಿಯರ ಮಾತು ಸರಿ, ಆದರೆ ಬಳ್ಳಿಗಾವಿಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಮಗು ಕೇಳಿದ್ದು ನಮ್ಮ ಕಡೆ ದೊಡ್ಡ ಊರು ಇತ್ತೇ ಎಂದು. ಹಂಪಿ ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿದ್ದದ್ದು ಬಳ್ಳಿಗಾವಿ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರ ಗುಡಿ ಮಠಗಳೂ ಅಲ್ಲಿದ್ದವು ಎಂದು ಶಾಸನಗಳೇ ಹೇಳುತ್ತವೆ. ಕೋಡಿಯ ಮಠದ 1162ರ ಶಾಸನವನ್ನು ಯಾರಾದರೂ ಓದಿ ಹೇಳಿದರೆ ಮೈ ಜುಮ್ಮೆನ್ನುತ್ತದೆ: ಅಲ್ಲಿ ನಾಲ್ಕು ವೇದಗಳ ವ್ಯಾಖ್ಯಾನ ನಡೆಯುತ್ತಿತ್ತು, ವ್ಯಾಕರಣ, ಕಾವ್ಯ, ನಾಟಕ ಕಲಿಸುತ್ತಿದ್ದರು, ಬಡವರಿಗೆ ಅನ್ನವಿತ್ತು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು. ಅಲ್ಲಮಪ್ರಭು ಹುಟ್ಟಿದ ಊರು ಎಂದು ನಾವು ನಂಬಿರುವುದೂ ಇದನ್ನೇ, ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಹಿರಿಯರಿಗೆ ನಡೆಯುವುದೂ ಸುಲಭ. ಕೇದಾರೇಶ್ವರ ಗುಡಿ ರಸ್ತೆಯ ಪಕ್ಕದಲ್ಲೇ ಇದೆ, ಹುಲ್ಲುಹಾಸಿನ ಆವರಣದಲ್ಲಿ ಮೂರು ಶಿಖರಗಳು ಒಟ್ಟಿಗೆ ಕಾಣುತ್ತವೆ. ತ್ರಿಪುರಾಂತಕೇಶ್ವರ ಗುಡಿಯ ಕೆಳಪಟ್ಟಿಕೆಯಲ್ಲಿ ಪಂಚತಂತ್ರದ ಕಥೆಗಳಿವೆ; ಎಂಟನೇ ತರಗತಿಯ ಹುಡುಗಿ ಅವುಗಳನ್ನು ತಾನೇ ಗುರುತಿಸುತ್ತಾಳೆ, ದೊಡ್ಡವರ ಸಹಾಯ ಬೇಡ. ಊರ ನಡುವೆ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬವಿದೆ. ಸುಮಾರು 30 ಅಡಿಯ ಆ ಕಂಬದ ಮೇಲಿದ್ದ ಗಂಡಭೇರುಂಡ ಮನುಷ್ಯನ ಮೈ, ಎರಡು ಹಕ್ಕಿಯ ತಲೆ ಇರುವಂಥದ್ದು. ಅದನ್ನು ನೋಡಿದ ಮೇಲೆ ಕೆಳದಿಯ ಮಾಳಿಗೆಯ ಗಂಡಭೇರುಂಡವನ್ನು ನೋಡಿದರೆ ಒಂದೇ ಕಲ್ಪನೆ ಐನೂರು ವರ್ಷದಲ್ಲಿ ಹೇಗೆ ರೂಪ ಬದಲಿಸಿತು ಎಂದು ತಿಳಿಯುತ್ತದೆ, ಈಗ ಸರ್ಕಾರದ ಲಾಂಛನದಲ್ಲಿರುವುದೂ ಅದೇ ಹಕ್ಕಿ. ಹತ್ತಿರದ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದಿನ ಶಾಸನಕಂಬವನ್ನೂ ಬಿಡಬಾರದು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆ ನಮಗೆ ತಿಳಿದಿರುವುದೇ ಆ ಕಂಬದಿಂದ. ಮೂರನೇ ದಿನ ಮಾಡಿಕೊಳ್ಳಲು ಆಗದಿದ್ದರೆ ಇನ್ನೊಂದು ಭಾನುವಾರವಾದರೂ ಬನ್ನಿ. ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು.

ಉತ್ತರ 3: ಚಿಕ್ಕಪೇಟೆ (ನಗರ)

ಅಕ್ಕಾ, ನಾನು ನಗರದವನೇ. ನಿಮ್ಮ ತಂದೆಯವರ ವಿಷಯ ಓದಿ ಬರೆಯದೆ ಇರಲಾಗಲಿಲ್ಲ. ನಮ್ಮ ಮನೆಯಲ್ಲೂ ಮುಳುಗಡೆಯಾಗಿ ಬಂದ ಹಿರಿಯರಿದ್ದರು.

ಮೊದಲು ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಪಕ್ಕದ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು, ಅದೇ ಮಳೆ ನಮಗೂ. ಮಳೆ ನಿಂತರೂ ಕೋಟೆಯ ಕಲ್ಲುಹಾಸಿನ ಮೇಲೆ ಹಾವಸೆ ಕಟ್ಟಿರುತ್ತದೆ, ಹುಲ್ಲಿನಲ್ಲಿ ಉಂಬಳ ಇರುತ್ತವೆ. ಸ್ವಾತಿ ಮಳೆ ಮುಗಿದು ಎರಡು ವಾರ ಬಿಸಿಲು ಬಿದ್ದ ಮೇಲೆ, ನವೆಂಬರ್ ಕೊನೆಗೆ ಬನ್ನಿ. ಕಲ್ಲು ಒಣಗಿರುತ್ತದೆ, ಕೆರೆ ಕೊಳಗಳಲ್ಲಿ ನೀರು ತುಂಬಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಬೇಸಗೆಯಲ್ಲಿ ಬಂದರೆ ಕೊಳಗಳ ಅಂದ ಅರ್ಧವೂ ಇರದು.

ಕೋಟೆ ರಸ್ತೆಗೆ ಅಂಟಿಕೊಂಡೇ ಇದೆ. ಮುಖ್ಯ ಬಾಗಿಲಿನಿಂದ ಒಳಗೆ ಏರು ಇದ್ದರೂ ಕವಲೇದುರ್ಗದಂತೆ ದೀರ್ಘವಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಬಂದು, ಅಲ್ಲಲ್ಲಿ ಕುಳಿತು, ನಿಧಾನವಾಗಿ ಹತ್ತಿಸಿದರೆ ದರ್ಬಾರಿನ ಕಟ್ಟೆ ಮತ್ತು ಅಕ್ಕ ತಂಗಿ ಕೊಳಗಳವರೆಗೆ ಅವರು ಬರಬಲ್ಲರು. ಬುತ್ತಿ ಉಂಡ ಕೊಳ ಅದೇ ಇರಬೇಕು. ತುದಿಯ ಬುರುಜಿಗೆ ಮಗಳು ಮಾತ್ರ ಹೋಗಲಿ, ನೀವು ಜೊತೆಗಿರಿ. ಊಟ ಸಿಗುತ್ತದೆ, ಆದರೆ ಆಯ್ಕೆ ಕಡಿಮೆ. ಹೊಸನಗರದಿಂದ ತಿಂಡಿ ಕಟ್ಟಿಸಿಕೊಂಡು ಬರುವುದು ಲೇಸು.

ಇನ್ನು ಇದು ರಾಜಧಾನಿಯಾಗಿತ್ತು ಎಂದು ಮಗಳಿಗೆ ತೋರುವುದು ಹೇಗೆ ಎಂದು ಕೇಳಿದ್ದೀರಿ. ಕೋಟೆಯನ್ನೇ ಊರು ಎಂದುಕೊಂಡು ಬರುವವರು ನಿರಾಶರಾಗಿ ಹೋಗುವುದನ್ನು ನಾನು ನೋಡಿದ್ದೇನೆ. ಕೋಟೆ ಊರಿನ ಒಳಮನೆ ಮಾತ್ರ. ಸುತ್ತಲಿನ ಗುಡ್ಡಸಾಲೇ ಊರಿನ ಹೊರಗೋಡೆಯಾಗಿತ್ತು. ಬಿದಿರು ಬೆಳೆದ ಹಳ್ಳಿಯಾಗಿದ್ದ ಬಿದನೂರನ್ನು ದೊಡ್ಡ ಪಟ್ಟಣವಾಗಿ ಬೆಳೆಸಿದ್ದು ಶಿವಪ್ಪ ನಾಯಕ, 1645ರಿಂದ 1660ರವರೆಗೆ ಆಳಿದವನು. ನೆಲವನ್ನು ಅದರ ಫಲವತ್ತತೆಯಂತೆ 5 ದರ್ಜೆಗೆ ವಿಂಗಡಿಸಿ, ಬೆಳೆಯ ಮೂರನೇ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದ ಅವನ 'ಶಿಸ್ತು' ಎಂಬ ಕಂದಾಯ ಪದ್ಧತಿಯ ಹೆಸರನ್ನು ನಮ್ಮ ಕಡೆ ತೋಟ ಗದ್ದೆ ಇರುವ ಹಳಬರೆಲ್ಲ ಕೇಳಿದ್ದಾರೆ. ಊರಿನ ಪಡುವಣಕ್ಕೆ ಹುಲಿಕಲ್ಲು ಘಾಟಿ. ಮೆಣಸು, ಅಡಿಕೆ, ಅಕ್ಕಿ ಹೊತ್ತ ಎತ್ತುಗಳು ಘಟ್ಟ ಇಳಿದು ಕುಂದಾಪುರ, ಬಸ್ರೂರಿನ ಕಡೆ ಹೋಗುತ್ತಿದ್ದವು. ಕೆಳದಿಯ ಚೆನ್ನಮ್ಮ ರಾಣಿ 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನನ್ನು ಜಿಂಜಿಗೆ ದಾಟಿಸಿದ್ದೂ ಈ ರಾಜ್ಯದ ಕಾಡುದಾರಿಗಳಿಂದಲೇ.

1763ರಲ್ಲಿ ಹೈದರಾಲಿ ಬಂದಾಗ ರಾಣಿ ವೀರಮ್ಮಾಜಿಯು ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಅವನು ಊರಿಗೆ ಹೈದರ್ ನಗರ ಎಂದು ಹೆಸರಿಟ್ಟನು. ಹೈದರ್ ಹೋಗಿ ನಗರ ಉಳಿಯಿತು. ನಿಮ್ಮ ಮಗಳ ಅಜ್ಜ ಹೇಳಿದ ಹೆಸರಿನ ಮೂಲ ಇದೇ. ಹೈದರಾಲಿ ಇಲ್ಲಿ ಟಂಕಸಾಲೆ ಇಟ್ಟು ಹೊಡೆಸಿದ ಚಿನ್ನದ ವರಹದ ಒಂದು ಮುಖದಲ್ಲಿ, ಕೆಳದಿಯವರ ಇಕ್ಕೇರಿ ವರಹದಲ್ಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದನು. ಪೇಟೆಯವರು ನಂಬಿದ ನಾಣ್ಯವನ್ನು ಬದಲಿಸುವ ಧೈರ್ಯ ಗೆದ್ದವನಿಗೂ ಇರಲಿಲ್ಲ ಎಂದು ನನಗೆ ತೋರುತ್ತದೆ. 1783ರಲ್ಲಿ ಮೊದಲು ಇಂಗ್ಲಿಷರು, ಕೆಲವೇ ತಿಂಗಳಲ್ಲಿ ಟಿಪ್ಪು, ಹೀಗೆ ಮತ್ತೆ ಮತ್ತೆ ಕೈಬದಲಾದ ಮೇಲೆ ಊರು ಚೇತರಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಬಸವನಬ್ಯಾಣದ ದೇವಗಂಗೆಗೆ ತಪ್ಪದೆ ಹೋಗಿ, ಕೋಟೆಯಿಂದ ಕೆಲವೇ ಕಿ.ಮೀ. ಗುಡ್ಡದ ಬುಡದಲ್ಲಿ ಅರಸುಮನೆತನದವರಿಗಾಗಿ ಕಟ್ಟಿದ ಏಳು ಕೊಳಗಳಿವೆ. ಗುಡ್ಡದ ಒರತೆಯ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಕಾವಲಿಲ್ಲದಿರುವಾಗ ಬಂದವರು ಸೋಪು ಹಚ್ಚಿ ಈಜಿ, ಪ್ಲಾಸ್ಟಿಕ್ ಎಸೆದು ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನೀರಿಗೆ ಇಳಿಯಬೇಡಿ. ದಂಡೆಯ ಮೇಲೆ ಕುಳಿತರೆ ಸಾಕು.

ಉತ್ತರ 4: ಗಣಪತಿಕೆರೆ (ಸಾಗರ)

ಶಿರಾಳಕೊಪ್ಪದ ಮಿತ್ರರ ಮಾತನ್ನು ಒಪ್ಪುತ್ತೇನೆ. ಬಳ್ಳಿಗಾವಿಗೆ ಒಂದು ಪೂರ್ಣ ದಿನವೇ ಬೇಕು ಎಂಬ ಕಾರಣಕ್ಕೇ ಬಿಡಿಸಿದ್ದು. ಒಂದು ಮಾತು ಸೇರಿಸುತ್ತೇನೆ: ಹಿಂತಿರುಗಿದ ಮೇಲೆ ಶಿವಮೊಗ್ಗದಲ್ಲೇ ತುಂಗೆಯ ದಡದಲ್ಲಿರುವ ಶಿವಪ್ಪ ನಾಯಕ ಅರಮನೆಯನ್ನು ಮಗಳಿಗೆ ತೋರಿಸಿ. ಕಟ್ಟಡ ನಾಯಕನ ಕಾಲಕ್ಕಿಂತ ಈಚಿನದು ಎಂಬ ಅಭಿಪ್ರಾಯವಿದೆ, ಆದರೆ ಆ ಮರದ ಕಂಬಗಳ ತೊಟ್ಟಿಯನ್ನು ನೋಡಿದರೆ ಇಕ್ಕೇರಿಯಲ್ಲೂ ನಗರದಲ್ಲೂ ಅಳಿದುಹೋದದ್ದು ಹೇಗಿದ್ದಿರಬಹುದು ಎಂಬ ಅಂದಾಜು ಸಿಗುತ್ತದೆ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ, ಗಮನಿಸಿಕೊಳ್ಳಿ.

ಮರುಬರಹ: ತುಂಗಾನಾಲೆ (ಶಿವಮೊಗ್ಗ)

ನವೆಂಬರ್ ಕೊನೆಯ ಶನಿವಾರ, ಭಾನುವಾರ ಹೋಗಿ ಬಂದೆವು. ಸಲಹೆ ಕೊಟ್ಟ ಮೂವರಿಗೂ ಮನೆಯವರೆಲ್ಲರ ವಂದನೆಗಳು.

ಇಕ್ಕೇರಿಯಲ್ಲಿ ಮಗಳು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿಯೇಬಿಟ್ಟಳು. ಹಿಂದೆ ಬಂದವರನ್ನೆಲ್ಲ ಬದಿಗೆ ಸರಿಯಲು ಹೇಳಿ ಮೂವರು ಅರಸರನ್ನೂ ತೋರಿಸಿದಳು. ನಗರದಲ್ಲಿ ಅಪ್ಪಯ್ಯ ಬಾಗಿಲಿನಿಂದ ಕೊಳದವರೆಗೆ ಬರಲು ಮುಕ್ಕಾಲು ಗಂಟೆ ತೆಗೆದುಕೊಂಡರು, ನಾಲ್ಕು ಕಡೆ ಕುಳಿತರು. ಕೊಳ ಕಂಡಾಗ ಏನೂ ಮಾತಾಡಲಿಲ್ಲ. ನಾನು ಕೈ ಹಿಡಿಯಲು ಹೋದರೆ ಬೇಡವೆಂದು, ಕೋಲೂರಿ ಮೇಲಿನ ಮೆಟ್ಟಿಲಿನ ಮೇಲೆ ಕುಳಿತು, ಆ ಜಂಬಿಟ್ಟಿಗೆಯ ಅಂಚನ್ನು ಅಂಗೈಯಿಂದ ಎರಡು ಮೂರು ಸಲ ಸವರಿದರು. ಆಮೇಲೆ ನಾವು ತಂದಿದ್ದ ಚಿತ್ರಾನ್ನವನ್ನು ಬಾಳೆಲೆಯಲ್ಲಿ ಬಿಚ್ಚಿಸಿ, ಮೊದಲ ತುತ್ತನ್ನು ಮೊಮ್ಮಗಳ ಕೈಗೆ ಹಾಕಿದರು. ಅವಳು ಬುರುಜಿನಿಂದ ಇಳಿದು ಬಂದು, ಸುತ್ತಲಿನ ಗುಡ್ಡಗಳನ್ನು ಬೆರಳಿನಲ್ಲಿ ಎಣಿಸುತ್ತಾ, ಈ ಊರಿನ ಗೋಡೆ ಹಂಪಿಗಿಂತ ದೊಡ್ಡದು ಎಂದು ಅಜ್ಜನ ಹತ್ತಿರ ವಾದಿಸಿದಳು. ದೇವಗಂಗೆಯಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಒಂದು ಗಂಟೆ ನೀರಿನ ಸದ್ದು ಕೇಳುತ್ತಾ ಕುಳಿತಿದ್ದೆವು. ಮರಳುವಾಗ ಎರಡು ಚೀಲದ ತುಂಬ ಬಾಟಲಿಗಳನ್ನು ಹೆಕ್ಕಿ ತಂದೆವು.

ಬಳ್ಳಿಗಾವಿಗೆ ಸಂಕ್ರಾಂತಿಯ ನಂತರದ ಭಾನುವಾರ ಹೊರಡುವುದೆಂದು ತೀರ್ಮಾನವಾಗಿದೆ.

ನಗರದ ತಮ್ಮನಿಗೆ ಇನ್ನೊಂದು ಪ್ರಶ್ನೆ. ದಾರಿಯಲ್ಲಿ ಹಿನ್ನೀರು ಕಂಡ ಕಡೆ ಅಪ್ಪಯ್ಯ ಕಾರು ನಿಲ್ಲಿಸಲು ಹೇಳಿ, ದೂರದ ಒಂದು ಬೋಳು ದಿಬ್ಬವನ್ನು ತೋರಿಸಿ, ಅದರ ಆಚೆಗೆ ನಮ್ಮ ಮನೆಯಿತ್ತು ಎಂದರು. ಮೇ ತಿಂಗಳಲ್ಲಿ ನೀರು ಪೂರ್ತಿ ಇಳಿದಾಗ ಹಳೆಯ ಬಾವಿಕಟ್ಟೆ, ತುಳಸಿಕಟ್ಟೆಗಳು ಕಾಣುತ್ತವೆ ಎಂದು ಯಾರೋ ಅವರಿಗೆ ಹೇಳಿದ್ದಾರಂತೆ. ಪಟ್ಟಗುಪ್ಪೆಯ ಕಡೆಯಿಂದ ಆ ದಿಬ್ಬದ ಹತ್ತಿರಕ್ಕೆ, ಕೆಸರಿನಲ್ಲಿ ಹೂತುಕೊಳ್ಳದೆ, ವಯಸ್ಸಾದವರನ್ನು ಕರೆದೊಯ್ಯುವ ದಾರಿ ಇದೆಯೇ? ಗೊತ್ತಿದ್ದರೆ ಬರೆಯಿರಿ, ಬೇಸಗೆಗೆ ಇನ್ನೂ ಸಮಯವಿದೆ.